ಗುರುವಾರದ ತಟ್ಟೆಗಳು

"ತಣ್ಣಗುಂಟು," ಎಂದ ಶಮೀರ್.

ತಟ್ಟೆಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಸಿ, ಬೂಸದ ಮೇಲೆ ಅಂಗೈ ಊರಿ ನಿಂತಿದ್ದ. ಪದ್ಮಯ್ಯನವರು ತಾವೂ ಕೈ ಇಟ್ಟು ನೋಡಿದರು. ನಿನ್ನೆ ರಾತ್ರಿ ಉಳಿದ ಅನ್ನದ ಹಾಗೆ ತಣ್ಣಗಿತ್ತು.

ಬೂಷ್ಟು ಬೆಳೆಸುವ ಕೆಲಸದಲ್ಲಿ ತಣ್ಣಗಿರುವುದೆಂದರೆ ಸತ್ತ ಹಾಗೆಯೇ. ಗೋಧಿ ಬೂಸವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಬೂಷ್ಟಿನ ಬೀಜ ಬೆರೆಸಿ ತಟ್ಟೆಗಳಲ್ಲಿ ಹರಡಿದರೆ, ಮಾರನೆಯ ದಿನ ಬಿಸಿಲೇರುವಷ್ಟರಲ್ಲಿ ತಟ್ಟೆ ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಾಗಬೇಕು. ಮೇಲೆ ಬಿಳಿ ನವಿರು ಮೂಡಬೇಕು. ಮತ್ತೊಂದು ದಿನ ಬಿಟ್ಟು ಅದನ್ನು ನೀರಲ್ಲಿ ನೆನೆಸಿ, ಸೋಸಿ, ಒಣಗಿಸಿದರೆ ಕಿಣ್ವದ ಹುಡಿ. ಬೇಕರಿಯವರು ಚಿಟಿಕೆ ಹಾಕಿದರೆ ಬ್ರೆಡ್ ಮೆತ್ತಗಾಗಿ ಉಬ್ಬುತ್ತದೆ.

ಬ್ರೆಡ್ಡಿಗೆ ಬೂಷ್ಟು ಬಂದರೆ ಎಸೆಯುವವರು ನಾವು. ಬೂಷ್ಟಿನಿಂದಲೇ ಬ್ರೆಡ್ಡಿಗೆ ಹುಡಿ ತೆಗೆಯುತ್ತೇನೆಂದು ದುಬೈಯ ಬೇಕರಿಯಲ್ಲಿ ದುಡಿದು ಬಂದ ಹಸೈನಾರ್ ಹೇಳಿದಾಗ ತೋಡಾರಿನಲ್ಲಿ ನಗದವರಿರಲಿಲ್ಲ. ಆತ ಮನೆಯ ಹಿಂದಿನ ಹಳೇ ಬೀಡಿ ಗೋದಾಮಿಗೆ ಸುಣ್ಣ ಹೊಡೆಸಿ ತಟ್ಟೆ ಜೋಡಿಸಿದ. ಹುಡಿ ಮಂಗಳೂರಿನ ಬೇಕರಿಗಳಿಗೆ ಹೋಗತೊಡಗಿದ ಮೇಲೆ ನಗು ನಿಂತಿತ್ತು.

"ನಿನ್ನೆ ಬೀಜ ಹಾಕಿದ್ದು ಯಾರು?" ಪದ್ಮಯ್ಯ ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದ್ದು.

"ನಾನೇ ಸರ್. ಮಾಜಿದಾ ಹೋದ ಮೇಲೆ ಗುರುವಾರದ್ದೂ ನನ್ನದೇ."

"ಸೋಮವಾರ ನೀನು ಹಾಕಿದ್ದು?"

"ಅದು ಚಂದ ಬಂದಿತ್ತು. ಒಂದೇ ಬಾಟ್ಲಿಯ ಬೀಜ, ಒಂದೇ ಮೂಟೆಯ ಬೂಸ."

"ಕೈಯೂ ಒಂದೇ."

"ಹೌದು ಸರ್." ಶಮೀರ್ ತಲೆ ತಗ್ಗಿಸಿದ.

ಪದ್ಮಯ್ಯನವರ ಕಿವಿ ಬಿಸಿಯಾಯಿತು. ಬೆಳ್ತಂಗಡಿ ಠಾಣೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ಕಳ್ಳರನ್ನು ಹಿಡಿದ ಮನುಷ್ಯ. ನಿವೃತ್ತಿಯಾದ ಮೇಲೂ 'ಪದ್ಮಯ್ಯನ ಕಣ್ಣು ತಪ್ಪುವುದಿಲ್ಲ' ಎಂದು ಜನ ಹೇಳುತ್ತಿದ್ದರು. ಪೊಲೀಸ್ ಕೇಸಾದರೆ ಬೇಕರಿಯವರು ದೂರ ಸರಿಯುತ್ತಾರೆಂದು ಹೆದರಿ ಹಸೈನಾರ್ ಅವರನ್ನು ಗುಟ್ಟಾಗಿ ಕರೆಸಿದ್ದ. ಅವರು ಬಂದರು, ನೋಡಿದರು, ಲೆಕ್ಕ ಹಾಕಿದರು. ಸಾಯುವುದು ಗುರುವಾರದ ತಟ್ಟೆಗಳು ಮಾತ್ರ. ಗುರುವಾರ ಬೀಜ ಹಾಕುವವಳು ಮಾಜಿದಾ. ಮತ್ತೆಂತ ಬೇಕು?

ಕಳೆದ ವಾರ ಇದೇ ಮನೆಯ ಅಂಗಳದಲ್ಲಿ, ಕೆಲಸದವರೆಲ್ಲರ ಎದುರು, ಇಬ್ಬರು ಹೆಂಗಸರಿಗೆ ಹೇಳಿ ಆ ಹುಡುಗಿಯನ್ನು ಶೋಧಿಸಿದರು. ಚೀಲ ಸುರಿಸಿದರು. ತಲೆಯ ಮೇಲಿನ ಶಾಲನ್ನೂ ತೆಗೆಸಿದರು. ಶಾಲಿನ ತುದಿಯ ಗಂಟಿನಲ್ಲಿ ಒಂದು ಹಿಡಿ ಬೂದಿ ಸಿಕ್ಕಿತು. ಎಂತದು ಇದು ಎಂದರೆ ಮಾಜಿದಾ ನೆಲ ನೋಡಿದಳು, ಬಾಯಿ ಬಿಡಲಿಲ್ಲ.

"ಬಾಯಿ ಬಿಡದಿದ್ದರೆ ಒಪ್ಪಿದ ಹಾಗೆ," ಎಂದಿದ್ದರು ಪದ್ಮಯ್ಯ. ಜೋರಾಗಿಯೇ ಹೇಳಿದ್ದರು.

ಆ ಮಾತು ಮಾಜಿದಾಳಿಗಿಂತ ಮೊದಲು ಬಸ್ಸು ಹತ್ತಿ ಬಂಟ್ವಾಳ ಮುಟ್ಟಿತು. ಅಲ್ಲಿ ಪೇಟೆಯ ಒಳದಾರಿಯಲ್ಲಿ ಮಾಜಿದಾಳ ತಂದೆ ಮೊಯ್ದೀನ್ ಟೋಪಿ, ಅತ್ತರು, ಲೋಬಾನ ಮಾರುವ ಗೂಡಂಗಡಿ ಇಟ್ಟುಕೊಂಡವರು. ಮಾಜಿದಾಳಿಗೆ ನಿಕಾಹ್ ಗೊತ್ತಾಗಿತ್ತು. ಹುಡುಗನ ಮನೆಯವರು ಇವತ್ತು ಸಂಜೆ ಬಂದು ಕೊಟ್ಟ ಮಾತು ಹಿಂದಕ್ಕೆ ಪಡೆಯುತ್ತಾರಂತೆ. ಕಳ್ಳಿಯನ್ನು ಮನೆ ತುಂಬಿಸಿಕೊಳ್ಳುವವರು ಯಾರು?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಒಡೆದ ಮುತ್ತಿನ ಮುಂದೆ ಪದ್ಮಯ್ಯ ನಿಂತಿದ್ದರು. ಮಾಜಿದಾ ಊರಲ್ಲೇ ಇಲ್ಲ, ತಟ್ಟೆ ಮಾತ್ರ ಗುರುವಾರ ತಪ್ಪದೆ ಸತ್ತಿತ್ತು.

"ಕೆಳಗಿನದ್ದು ನೋಡಿದ್ದೀಯಾ?" ಎಂದರು.

ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಳಿಗೆಯಲ್ಲಿ ಇಟ್ಟಿದ್ದರು. ಮೇಲಿನ ಸಾಲುಗಳೆಲ್ಲ ಬೋಳು. ಪದ್ಮಯ್ಯ ಮೊಣಕಾಲೂರಿ, ಎಲ್ಲಕ್ಕಿಂತ ಕೆಳಗೆ ಗೋಡೆಯ ಮೂಲೆಯಲ್ಲಿದ್ದ ತಟ್ಟೆಯನ್ನು ಎಳೆದರು. ಅದೊಂದಕ್ಕೆ ಮಾತ್ರ ಪ್ಲಾಸ್ಟಿಕ್ ಹಾಳೆ ಮುಚ್ಚುವುದು ಅಲ್ಲಿಯ ಅಭ್ಯಾಸ. ಹಾಳೆ ಎತ್ತಿದರೆ ಒಳಗೆ ಬೂಸ ಬೆಚ್ಚಗಿತ್ತು. ಅಂಚಿನಲ್ಲಿ ಹತ್ತಿಯಂಥ ಬಿಳಿ ನವಿರು ಎದ್ದಿತ್ತು.

"ಬೀಜದ್ದು ತಪ್ಪಲ್ಲ ಹಾಗಾದರೆ," ಎಂದ ಶಮೀರ್, ತನಗೇ ಹೇಳಿಕೊಳ್ಳುವವನಂತೆ.

"ಬೀಜದ್ದಲ್ಲ, ಹಾಕಿದವರದ್ದೂ ಅಲ್ಲ. ಎಂತದೋ ಮೇಲಿಂದ ಬಂದು ಕೂತಿದೆ. ಹಾಳೆ ಮುಚ್ಚಿದ್ದು ಬದುಕಿತು, ಬರೀ ಬಟ್ಟೆ ಹೊದ್ದದ್ದು ಹೋಯಿತು."

ಏಳುವಾಗ ಪದ್ಮಯ್ಯನವರಿಗೆ ಕೆಮ್ಮು ಬಂತು. ಗಂಟಲಿನಲ್ಲಿ ಚುಚ್ಚುವ ಒಣಕೆಮ್ಮು. ಹಿಂದೆ ಮೊದಲ ಸಲ ಈ ಕೋಣೆಗೆ ಬಂದಾಗಲೂ ಇದೇ ಕೆಮ್ಮು ಬಂದಿತ್ತು, ಅದೂ ಶುಕ್ರವಾರವೇ. ಬೂಸದ ಧೂಳು ಎಂದುಕೊಂಡಿದ್ದರು. ಧೂಳಿನ ಜೊತೆ ಒಂದು ಪರಿಮಳವೂ ಇತ್ತು. ಅದನ್ನು ಅವರ ಮೂಗು ಹಿಡಿದಿತ್ತು, ಬಾಯಿ ಕೇಳಿರಲಿಲ್ಲ.

ಅಟ್ಟಳಿಗೆಗಳ ನಡುವೆ ಸಿಮೆಂಟ್ ನೆಲದ ಮೇಲೆ ಬಳೆಯ ಆಕಾರದ ಒಂದು ಕಪ್ಪು ಕಲೆ ಇತ್ತು, ಬಿಸಿ ಮಣ್ಣಿನ ಚಟ್ಟಿ ಇಟ್ಟ ಗುರುತು. ಅದರ ಸುತ್ತ ಅಂಟಿದ್ದನ್ನು ಯಾರೋ ಉಗುರಿನಲ್ಲಿ ಕೆರೆದು ಕೆರೆದು ತೆಗೆದಿದ್ದರು. ತೆಗೆಯಲಾಗದ್ದು ಉಳಿದಿತ್ತು.

"ಶಮೀರ್, ಇಲ್ಲಿ ಲೋಬಾನದ ಧೂಪ ಹಾಕುವುದುಂಟಾ?"

ಶಮೀರ್ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. "ಜೈನಬಮ್ಮ ಹಾಕ್ತಾರೆ ಸರ್. ಗುರುವಾರ ಸಂಜೆ ಮಗ್ರಿಬ್ ನಮಾಜ್ ಆದ ಮೇಲೆ. ನಾವೆಲ್ಲ ಐದಕ್ಕೆ ಹೊರಡ್ತೇವೆ. ಹಸೈನಾರಾಕ ಆಗ ನಮಾಜಿಗೆ ಪಳ್ಳಿಯಲ್ಲಿರ್ತಾರೆ."

ಜೈನಬಮ್ಮ ಅಂದರೆ ಹಸೈನಾರನ ತಾಯಿ.

ಬೆಳ್ತಂಗಡಿಯ ತಮ್ಮ ಮನೆಯಲ್ಲಿ ನಿನ್ನೆ ಉರಿದ ಒಲೆ ಪದ್ಮಯ್ಯನವರ ಕಣ್ಣ ಮುಂದೆ ಬಂತು. ಹೆಂಡತಿ ಕಾವೇರಮ್ಮ ಮಹಿಳಾ ಮಂಡಲಕ್ಕೆಂದು ಪುನರ್ಪುಳಿ ಶರಬತ್ತು ಕಾಯಿಸುತ್ತಿದ್ದರು. ಯಾವುದೋ ಬಿಳಿ ಹರಳಿನ ಹುಡಿಯನ್ನು ಚಮಚೆಯಲ್ಲಿ ಅಳೆಯುವಾಗ ಸ್ವಲ್ಪ ಒಲೆಗೆ ಬಿತ್ತು. ಭಗ್ಗನೆ ಬಿಳಿ ಹೊಗೆ. ಪದ್ಮಯ್ಯ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು.

"ಎಂತ ವಿಷ ಹಾಕ್ತಿ ಮಾರಾಯ್ತಿ ಇದಕ್ಕೆ?"

"ವಿಷ ಎಂತದು? ಬೂಷ್ಟು ಬಾರದ ಹಾಗೆ ಹಾಕುವುದು. ಒಂದು ಚಿಟಿಕೆ ಬಿದ್ದರೆ ಬಾಟ್ಲಿಯ ಹತ್ತಿರ ಬೂಷ್ಟು ಸುಳಿಯುವುದಿಲ್ಲ."

ಬೂಷ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ಪದ್ಮಯ್ಯ ಅನ್ನ ಉಣ್ಣದೆ ಎದ್ದಿದ್ದರು. ಆ ಹುಡಿಯ ಸಣ್ಣ ಪೊಟ್ಟಣ ಈಗ ಅವರ ಅಂಗಿಯ ಜೇಬಿನಲ್ಲಿತ್ತು. ತೆಗೆದು ಶಮೀರನಿಗೆ ತೋರಿಸಿದರು. ಅವನು ಬಿ.ಎಸ್ಸಿ. ಓದಿದವನು. ಪೊಟ್ಟಣದ ಮೇಲಿನ ಹೆಸರು ಓದಿದ ಕೂಡಲೇ ಮುಖ ಸಣ್ಣಗಾಯಿತು.

"ಇದು ಲೋಬಾನದಲ್ಲೂ ಇರ್ತದೆ ಸರ್. ಹಿಂದೆ ಇದನ್ನು ತೆಗೀತಿದ್ದದ್ದೇ ಲೋಬಾನದಿಂದ ಅಂತ ಕಾಲೇಜಲ್ಲಿ ಓದಿದ್ದೆ."

"ಮತ್ತೆ ಹೇಳಲಿಲ್ಲ ಯಾಕೆ?"

"ಸ್ವಲ್ಪ ಹೊಗೆಗೆ ಇಷ್ಟೆಲ್ಲ ಸಾಯುವುದಿಲ್ಲ ಅಂದುಕೊಂಡೆ. ಮತ್ತೆ..." ಅವನು ಉಗುಳು ನುಂಗಿದ. "ಲೋಬಾನ ಹಾಕಬೇಡಿ ಅಂತ ಜೈನಬಮ್ಮನಿಗೆ ಹೇಗೆ ಹೇಳುವುದು ಸರ್? ದೀನ್ ಇಲ್ಲದವನು, ಧರ್ಮ ಬಿಟ್ಟವನು ಅಂತಾರೆ. ನೀವಾದರೂ ಕೇಳಬಹುದಿತ್ತು."

ನೀವಾದರೂ ಕೇಳಬಹುದಿತ್ತು. ಪದ್ಮಯ್ಯ ಕೇಳಿರಲಿಲ್ಲ. ಈ ಊರುಗಳ ಮರ್ಯಾದೆ ಅದು. ಅವರವರ ದೇವರು ಅವರವರಿಗೆ. ಬೇರೆಯವರ ಮನೆಯ ಧೂಪದ ಹೊಗೆಯನ್ನು ಮೂಸಿ ಇದು ಯಾಕೆ ಎನ್ನುವವನು ಹದತಪ್ಪಿದವನು. ಅಷ್ಟು ನಯವಂತರಾಗಿದ್ದ ಪದ್ಮಯ್ಯ, ಹೆಣ್ಣುಮಗಳ ತಲೆಯ ಬಟ್ಟೆ ತೆಗೆಸುವಾಗ ಮಾತ್ರ ಆ ನಯವನ್ನು ಎಲ್ಲಿಟ್ಟಿದ್ದರೋ. ಯೋಚಿಸಿದಷ್ಟೂ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಅವರು ನೇರ ಹಸೈನಾರನ ಆಫೀಸು ಕೋಣೆಗೆ ಹೋದರು. ಹಸೈನಾರ್ ಶುಕ್ರವಾರ ಮಧ್ಯಾಹ್ನದ ಜುಮಾ ನಮಾಜಿಗೆ ಹೊರಡಲು ಬಿಳಿ ಅಂಗಿ ತೊಟ್ಟು ನಿಂತಿದ್ದ.

"ಹಸೈನಾರ್, ಆ ಹುಡುಗಿ ತಪ್ಪು ಮಾಡಲಿಲ್ಲ. ನಾನು ತಪ್ಪು ಮಾಡಿದೆ."

ಹಸೈನಾರ್ ಕುರ್ಚಿ ಹಿಡಿದುಕೊಂಡ. "ಖಂಡಿತವಾ?"

"ಅವಳಿಲ್ಲದೆಯೂ ತಟ್ಟೆ ಸತ್ತಿದೆ. ಯಾಕೆ ಅಂತ ಮತ್ತೆ ಹೇಳ್ತೇನೆ, ಮೊದಲು ಒಬ್ಬರ ಹತ್ತಿರ ಕೇಳ್ಲಿಕ್ಕುಂಟು. ನೀವೊಂದು ಉಪಕಾರ ಮಾಡಿ. ಬಂಟ್ವಾಳಕ್ಕೆ ಹೋಗಿ ಮೊಯ್ದೀನರನ್ನೂ ಮಗಳನ್ನೂ ಕರ್ಕೊಂಡು ಬನ್ನಿ. ಅವತ್ತು ನೋಡಿದವರೆಲ್ಲ ಅದೇ ಜಾಗದಲ್ಲಿ ನಿಲ್ಲಲಿ. ಅವರ ಎದುರು ಕೈ ಮುಗಿದು ಕ್ಷಮೆ ಕೇಳ್ತೇನೆ. ಸಂಜೆಯೊಳಗೆ ಹುಡುಗನ ಮನೆಗೆ ಸುದ್ದಿ ಮುಟ್ಟಬೇಕು."

"ನಾನೂ ಕೇಳ್ಬೇಕು ಪದ್ಮಯ್ಯಣ್ಣ," ಎಂದ ಹಸೈನಾರ್. "ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ." ಜುಮಾ ಬಂಟ್ವಾಳದಲ್ಲೇ ಮಾಡುತ್ತೇನೆಂದು ಹೇಳಿ ಓಮ್ನಿ ಹೊರಡಿಸಿದ.

ಗಾಡಿ ಗೇಟು ದಾಟಿದಾಗ ಪದ್ಮಯ್ಯನವರಿಗೆ ಒಂದಿಷ್ಟು ಉಸಿರು ಬಂತು. ಮಾಡಿದ ತಪ್ಪನ್ನು ಮಾಡಿದಲ್ಲೇ ತೊಳೆಯುವುದು ಎಂದು ನಂಬಿದ್ದರು. ಅವಸರದಲ್ಲಿ ಮಾಡಿದ ತಪ್ಪನ್ನು ಅವಸರದಲ್ಲೇ ತೊಳೆಯಲು ಹೊರಟಿದ್ದೇನೆಂದು ಅವರಿಗೆ ಹೊಳೆಯಲಿಲ್ಲ.

ಅವತ್ತು ನೋಡಿದವರಿಗೆಲ್ಲ ಹೇಳಿ ಕಳಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಜೈನಬಮ್ಮ ಮನೆಯ ಬಾಗಿಲ ಒಳಗಡೆ ಮಣೆ ಹಾಕಿ ಕೂತು ಒಣ ಸಿಗಡಿಯ ತಲೆ ಕೀಳುತ್ತಿದ್ದರು. ಗಂಡಸರಿಲ್ಲದ ಹೊತ್ತು. ಪದ್ಮಯ್ಯ ಹೊಸ್ತಿಲು ದಾಟದೆ ಜಗಲಿಯ ತುದಿಯಲ್ಲಿ ಕೂತರು.

"ಹಸೈನಾರ್ ಇಲ್ಲ," ಎಂದರು ಮುದುಕಿ ತಲೆಯೆತ್ತದೆ. "ಆ ಮೊಯ್ದೀನನ್ನೂ ಮಗಳನ್ನೂ ಕರ್ಕೊಂಡು ಬರ್ಲಿಕ್ಕೆ ಹೋಗಿದ್ದಾನಂತೆ. ನಿಮ್ಮದೇ ಬುದ್ಧಿಯಂತೆ."

"ಹೌದು. ಕ್ಷಮೆ ಕೇಳ್ಲಿಕ್ಕುಂಟು."

"ಯಾರು ಕೇಳುವುದು?"

"ಮೊದಲು ನಾನು."

ಸಿಗಡಿ ಕೀಳುವ ಕೈ ನಿಂತಿತು. "ಮೊದಲು ಅಂದರೆ ಮತ್ತೊಬ್ಬರು ಉಂಟು ಅಂತಾಯ್ತು."

"ಉಂಟು ಜೈನಬಮ್ಮ. ನೀವು ಗುರುವಾರ ಬೂಷ್ಟಿನ ಕೋಣೆಗೆ ಹೋಗ್ತೀರಾ?"

"ನನ್ನ ಮಗನ ಕೋಣೆ. ಹೋಗ್ಲಿಕ್ಕೆ ನಿಮ್ಮ ಅಪ್ಪಣೆ ಬೇಕಾ?"

"ಲೋಬಾನ ಹಾಕ್ಲಿಕ್ಕಾ?"

"ಹಾಕದೆ?" ಜೈನಬಮ್ಮ ಈಗ ನೇರ ನೋಡಿದರು. "ಗುರುವಾರ ಮಗ್ರಿಬ್ ಬಾಂಗ್ ಕೂಗಿತೆಂದರೆ ನಮಗೆ ಶುಕ್ರವಾರ ಬಂತು. ಅಡುಗೆಮನೆ, ಚಾವಡಿ, ಎಲ್ಲದಕ್ಕೂ ಹೊಗೆ ತೋರಿಸ್ತೇವೆ. ಅನ್ನ ಕೊಡುವ ಜಾಗಕ್ಕೆ ತೋರಿಸದೆ ಇರುವುದಾ? ಬರ್ಕತ್ ಬೇಡವಾ?"

"ಎಷ್ಟು ಹೊತ್ತು ತೋರಿಸ್ತೀರಿ?"

"ಮೊದಲು ಒಂದು ಸುತ್ತು ಬಂದು ಹೊರಗೆ ಬರ್ತಿದ್ದೆ. ತಟ್ಟೆ ಹಾಳಾಗ್ಲಿಕ್ಕೆ ಶುರುವಾದ ಮೇಲೆ ಕೆಂಡದ ಚಟ್ಟಿಯನ್ನು ಅಲ್ಲೇ ಇಟ್ಟು, ಮೇಲಿನ ಬಟ್ಟೆಯೆಲ್ಲ ಸರಿಸಿ, ಬಾಗಿಲು ಹಾಕಿ ಬರ್ತೇನೆ. ಕುರಾನಿನ ಯಾಸೀನ್ ಓದಿ ಮುಗಿದ ಮೇಲೆ ಹೋಗಿ ಬಟ್ಟೆ ಮುಚ್ಚಿ, ಚಟ್ಟಿ ತರ್ತೇನೆ. ಕಣ್ಣು ತಾಗಿದ ಜಾಗ ಅದು. ಆ ಹುಡುಗಿಯ ಕೈಗುಣ ಸರಿ ಇಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಗಟ್ಟಿ ಹೊಗೆ ಬೇಡವಾ ಮತ್ತೆ?"

ತಟ್ಟೆ ಸತ್ತಷ್ಟೂ ಹೊಗೆ ಗಟ್ಟಿಯಾಗಿದೆ, ಹೊಗೆ ಗಟ್ಟಿಯಾದಷ್ಟೂ ತಟ್ಟೆ ಸತ್ತಿದೆ. ಪದ್ಮಯ್ಯ ಕಣ್ಣು ಮುಚ್ಚಿ ತೆರೆದರು.

"ಜೈನಬಮ್ಮ, ಹೇಗೆ ಹೇಳ್ಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ನಿಮ್ಮ ಪ್ರಾರ್ಥನೆಯ ಬಗ್ಗೆ ಅಲ್ಲ ಇದು. ಆ ಹೊಗೆಯಲ್ಲಿ ಬೂಷ್ಟನ್ನು ಕೊಲ್ಲುವ ಗುಣ ಉಂಟು. ಒದ್ದೆ ಬೂಸದ ಮೇಲೆ ಹೊಗೆ ಕೂತರೆ ಬೀಜ ಮೊಳೆಯುವುದಿಲ್ಲ."

ಮುದುಕಿ ಕೈಯಲ್ಲಿದ್ದ ಸಿಗಡಿಯನ್ನು ಗೆರಸೆಗೆ ಹಾಕಿದರು.

"ಹಾಗಾದರೆ," ಎಂದರು, "ಮಗನ ಹೊಟ್ಟೆಗೆ ಹೊಡೆದದ್ದು ನಾನಾ?"

"ನೀವು ಗೊತ್ತಿದ್ದು ಮಾಡಿದ್ದಲ್ಲ."

"ಅದನ್ನು ಕೇಳಲಿಲ್ಲ ನಾನು." ಅವರು ಸಿಗಡಿಯ ಗೆರಸೆಯನ್ನು ದೂರ ತಳ್ಳಿದರು. "ಅವತ್ತು ಆ ಹುಡುಗಿಯ ಶಾಲು ತೆಗೆಸಿದಿರಿ ಅಲ್ವಾ? ನಾನು ಈ ಕಿಟಕಿಯಲ್ಲಿ ನಿಂತು ನೋಡಿದೆ. ನಮ್ಮದೇ ಜಾತಿಯ ಹುಡುಗಿ. ಓಡಿ ಹೋಗಿ ಮುಚ್ಚಬೇಕಾದವಳು ನಾನು. ಸರಿಯಾಯ್ತು ಅಂದೆ. ಬಾಯಿ ಬಿಟ್ಟೇ ಅಂದೆ."

ಒಂದೇ ನಾಚಿಕೆಯನ್ನು ಹಂಚಿಕೊಂಡ ಇಬ್ಬರು ಮುದುಕರು ಹೊಸ್ತಿಲಿನ ಆಚೆ ಈಚೆ ಕೂತಿದ್ದರು. ಅಂಗಳದಲ್ಲಿ ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು, ಪದ್ಮಯ್ಯನವರೇ ಹೇಳಿದಂತೆ, ಅದೇ ಜಾಗದಲ್ಲಿ.

ಆದರೆ ಜೈನಬಮ್ಮ ಸುಮ್ಮನೆ ಸೋಲುವವರಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಹುಬ್ಬು ಗಂಟಿಕ್ಕಿದರು.

"ಒಂದು ಮಾತು ಪದ್ಮಯ್ಯ. ಮೊದಲ ತಟ್ಟೆ ಇಟ್ಟ ವಾರದಿಂದ ಲೋಬಾನ ಹಾಕ್ತಾ ಬಂದಿದ್ದೇನೆ. ಲೋಬಾನದ್ದೇ ತಪ್ಪಾದರೆ ಆಗೆಲ್ಲ ಎಂತದೂ ಆಗಲಿಲ್ಲ ಯಾಕೆ? ಹಾಳಾದದ್ದು ಬಕ್ರೀದ್ ಕಳೆದ ಮೇಲೆ. ಅಲ್ಲಿವರೆಗೆ ನನ್ನ ಲೋಬಾನ ನಿದ್ದೆ ಮಾಡ್ತಿತ್ತಾ?"

ಪದ್ಮಯ್ಯ ತಬ್ಬಿಬ್ಬಾದರು. ಸ್ವಲ್ಪ ಹೊಗೆಗೆ ಇಷ್ಟೆಲ್ಲ ಸಾಯುವುದಿಲ್ಲ ಎಂದಿದ್ದ ಶಮೀರ್. ಮುದುಕಿ ಕೇಳುವುದೂ ಅದನ್ನೇ. ಗಟ್ಟಿ ಹೊಗೆ ಹಾಕಿದ್ದು ತಟ್ಟೆ ಕೆಡಲು ಶುರುವಾದ ಮೇಲೆ. ಹಾಗಾದರೆ ಮೊದಲು ಕೆಟ್ಟದ್ದು ಹೇಗೆ?

"ಆ ಲೋಬಾನ ಸ್ವಲ್ಪ ತೋರಿಸ್ತೀರಾ?"

ಜೈನಬಮ್ಮ ಎದ್ದು ಒಳಗೆ ಹೋಗಿ ಹಾಲಿನ ಹುಡಿಯ ಹಳೇ ಡಬ್ಬಿಯೊಂದನ್ನು ತಂದು ಹೊಸ್ತಿಲ ಮೇಲೆ ಇಟ್ಟರು. ಪದ್ಮಯ್ಯ ಮುಚ್ಚಳ ತೆಗೆದರು.

ಲೋಬಾನ ಅವರು ಕಾಣದ ವಸ್ತುವೇನಲ್ಲ. ಕಂದು ಬಣ್ಣದ ಗಟ್ಟಿ ಅಂಟಿನ ತುಂಡುಗಳು. ಇದರಲ್ಲಿ ಕಂದು ತುಂಡು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಬಿಳಿ, ಸಣ್ಣ ಸಣ್ಣ ಹೊಳೆಯುವ ಹರಳು.

ಜೇಬಿನ ಪೊಟ್ಟಣ ಬಿಚ್ಚಿ ಪಕ್ಕದಲ್ಲಿ ಹಿಡಿದರು. ಯಾವುದು ಕಾವೇರಮ್ಮನ ಶರಬತ್ತಿನದ್ದು, ಯಾವುದು ಜೈನಬಮ್ಮನ ಡಬ್ಬಿಯದ್ದು ಎಂದು ಹೇಳುವುದು ಕಷ್ಟವಿತ್ತು.

"ಒಂದು ಕೆಂಡ ಕೊಡ್ತೀರಾ?"

ಚಿಪ್ಪಿನಲ್ಲಿ ಬಂದ ಕೆಂಡದ ಮೇಲೆ ಡಬ್ಬಿಯ ಬಿಳಿ ಹರಳನ್ನು ಉದುರಿಸಿದರು. ಭಗ್ಗನೆ ಬಿಳಿ ಹೊಗೆ ಎದ್ದಿತು. ಇಬ್ಬರೂ ಒಟ್ಟಿಗೆ ಕೆಮ್ಮಿದರು.

"ಈಗಿನದ್ದು ಹೀಗೇ," ಎಂದರು ಜೈನಬಮ್ಮ ಎದೆ ನೀವಿಕೊಳ್ಳುತ್ತಾ. "ಹಿಂದಿನದ್ದು ಇ‌ಷ್ಟು ಖಾರ ಇರಲಿಲ್ಲ. ಹೊಸತು ಒಳ್ಳೆ ಜೋರುಂಟು ಅಂತ ನನಗೆ ಖುಷಿಯೇ ಆಗಿತ್ತು."

"ಇದು ಲೋಬಾನ ಅಲ್ಲ ಜೈನಬಮ್ಮ. ಲೋಬಾನಕ್ಕೆ ಬೆರೆಸಿದ್ದು. ಕಂದು ಅಂಟಿಗೆ ಬೆಲೆ ಜಾಸ್ತಿ. ಈ ಹರಳು ಅಗ್ಗ, ಹೊಗೆಯೂ ಬರ್ತದೆ, ವಾಸನೆಯೂ ಹತ್ತಿರ ಹತ್ತಿರ. ತೂಕಕ್ಕೆ ಬೆರೆಸಿದರೆ ತೆಗೊಂಡವರಿಗೆ ಗೊತ್ತಾಗುವುದಿಲ್ಲ." ಪದ್ಮಯ್ಯನವರ ಹಳೇ ಉತ್ಸಾಹ ಮರಳಿತ್ತು. ಕೊನೆಗೂ ನಿಜವಾದ ತಪ್ಪಿತಸ್ಥನ ಬಾಲ ಕೈಗೆ ಸಿಕ್ಕಿತ್ತು. "ದೇವರಿಗೆ ಹಾಕುವ ಹೊಗೆಗೂ ಕಲಬೆರಕೆ ಮಾಡ್ತಾನಲ್ಲ, ಎಂಥ ಮನುಷ್ಯ ಅವನು? ನಿಮಗೆ ಇದು ಎಲ್ಲಿಂದ ಬಂತು?"

"ಮೊದಲೆಲ್ಲ ತಮ್ಮನ ಮಗ ಬಾಸಿತ್ ಗಲ್ಫಿಂದ ತರ್ತಿದ್ದ. ಅದು ಮುಗೀತು. ಬಕ್ರೀದ್ ಆದ ಮೇಲೆ ಇದು." ಜೈನಬಮ್ಮ ಡಬ್ಬಿಯನ್ನು ನೋಡುತ್ತಲೇ ಹೇಳಿದರು. "ತಿಂಗಳು ತಿಂಗಳು ಇದೇ ಡಬ್ಬಿಯಲ್ಲಿ ಕಳಿಸ್ತಾರೆ. ಹಣ ಕೊಟ್ಟರೆ ಬೇಡ ಅಂತಾರೆ. ಮಗಳಿಗೆ ಕೆಲಸ ಕೊಟ್ಟಿದ್ದೀರಿ, ಪ್ರೀತಿಯ ಕಾಣಿಕೆ, ನಮ್ಮದೊಂದು ಹದಿಯ ಇರಲಿ, ಅಂತ."

"ಯಾರು?"

ಜೈನಬಮ್ಮ ಉತ್ತರಿಸುವ ಮೊದಲೇ ಪದ್ಮಯ್ಯನವರಿಗೆ ಗೊತ್ತಾಗಿತ್ತು. ಆದರೂ ಆಕೆ ಹೇಳಿದರು.

"ಮೊಯ್ದೀನ್. ಮಾಜಿದಾಳ ಬಾಪ. ಅವಳ ಕೈಯಲ್ಲೇ ಕಳಿಸ್ತಿದ್ದರು."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಟೋಪಿ, ಅತ್ತರು, ಲೋಬಾನ. ಆ ಅಂಗಡಿಯ ಎದುರು ನಿಂತು ಮೊನ್ನೆ ಮೊಯ್ದೀನರನ್ನು ಪ್ರಶ್ನೆ ಕೇಳಿ ಬಂದಿದ್ದರು ಪದ್ಮಯ್ಯ. ಮಗಳ ಬಗ್ಗೆ ನೂರು ಕೇಳಿದ್ದರು, ಅಂಗಡಿಯ ಬಗ್ಗೆ ಒಂದೂ ಕೇಳಿರಲಿಲ್ಲ.

ಮತ್ತೆ ಆ ಬೂದಿ. ಶಾಲಿನ ಗಂಟಿನಲ್ಲಿದ್ದ ಬೂದಿಯ ನಡುವೆ ಏನೋ ಬಿಳಿಯಾಗಿ ಹೊಳೆದದ್ದು ಈಗ ನೆನಪಾಯಿತು. ತಟ್ಟೆಗೆ ಉದುರಿಸಲು ತಂದ ವಿಷ ಎಂದು ಅವರು ಅಂಗಳದಲ್ಲಿ ಕೂಗಿದ್ದರು. ಅವಳು ತಂದದ್ದಲ್ಲ. ನೆಲದ ಮೇಲಿನ ಆ ಕಪ್ಪು ಬಳೆಯ ಸುತ್ತ ಉಗುರಿನಲ್ಲಿ ಕೆರೆದು, ಯಾರ ಕಣ್ಣಿಗೂ ಬೀಳದ ಹಾಗೆ ಕಟ್ಟಿಕೊಂಡು ಒಯ್ಯುತ್ತಿದ್ದಳು. ಕೆಳಗಿನ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಅಭ್ಯಾಸವನ್ನು ಶುರುಮಾಡಿದವಳೂ ಅವಳೇ ಇರಬೇಕು. ಮಾಜಿದಾಳಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅವಳ ಮಾನ ಉಳಿಯುತ್ತಿತ್ತು, ಅಪ್ಪನದ್ದು ಹೋಗುತ್ತಿತ್ತು.

ಬಾಯಿ ಬಿಡದಿದ್ದರೆ ಒಪ್ಪಿದ ಹಾಗೆ ಎಂದಿದ್ದರಲ್ಲ ಅವರು. ಆ ಮಾತು ಈಗ ಅವರ ಕಡೆಗೇ ತಿರುಗಿ ಬಂತು.

"ಮೊಯ್ದೀನಿಗೆ ಗೊತ್ತುಂಟಾ?" ಜೈನಬಮ್ಮ ಮೆಲ್ಲಗೆ ಕೇಳಿದರು. "ಇಲ್ಲಾಂದ್ರೆ ಅವರಿಗೂ ಯಾರಾದರೂ ಇದನ್ನೇ ಲೋಬಾನ ಅಂತ ಮಾರಿದ್ದಾ?"

"ಗೊತ್ತಿಲ್ಲ."

"ಪದ್ಮಯ್ಯ, ನೀವು ಈಗ ಎಲ್ಲರ ಎದುರು ಎಂತ ಹೇಳ್ತೀರಿ?"

ಅದೂ ಅವರಿಗೆ ಗೊತ್ತಿರಲಿಲ್ಲ. ಮಗಳು ನಿರಪರಾಧಿ ಎನ್ನಬೇಕು. ಹಾಗಾದರೆ ತಟ್ಟೆ ಸತ್ತದ್ದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊಗೆ ಎಂದರೆ ಈ ಮುದುಕಿಯ ಹೆಸರು ಬರುತ್ತದೆ. ಡಬ್ಬಿ ಎಂದರೆ ಮೊಯ್ದೀನರ ಹೆಸರು. ದೇವರ ಲೋಬಾನಕ್ಕೆ ಕಲಬೆರಕೆ ಮಾಡಿದವರ ಮಗಳನ್ನು ಸಂಜೆ ಯಾವ ಹುಡುಗನ ಮನೆಯವರು ಒಪ್ಪುತ್ತಾರೆ?

ಗೇಟಿನಲ್ಲಿ ಓಮ್ನಿಯ ಹಾರನ್ ಕೇಳಿಸಿತು.

"ಡಬ್ಬಿ ಇತ್ತ ಕೊಡಿ," ಎಂದು ಜೈನಬಮ್ಮ ಕೈ ಚಾಚಿದರು. ಪದ್ಮಯ್ಯ ಅದನ್ನು ಹಿಡಿದುಕೊಂಡೇ ಎದ್ದು ನಿಂತಿದ್ದರು. ಕೊಡುವಷ್ಟರಲ್ಲಿ ಗಾಡಿ ಅಂಗಳಕ್ಕೆ ಬಂದಾಗಿತ್ತು. ಅವರು ಡಬ್ಬಿಯನ್ನು ಬೆನ್ನ ಹಿಂದೆ ಮಾಡಿದರು. ಕಳ್ಳರು ಹಾಗೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದರು.

ಮೊದಲು ಮೊಯ್ದೀನ್ ಇಳಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೊಸ ಟೋಪಿ. ಅಂಗಳದಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ ಸಲಾಂ ಹೇಳಿದರು. ಒಂದು ವಾರದಿಂದ ತಲೆ ತಗ್ಗಿಸಿ ನಡೆದ ಮನುಷ್ಯ ಇವತ್ತು ತಲೆ ಎತ್ತಿ ನಡೆಯುತ್ತಿದ್ದರು. ಹಿಂದಿನಿಂದ ಮಾಜಿದಾ ಬಂದಳು, ಶಾಲನ್ನು ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದು.

"ಪದ್ಮಯ್ಯಣ್ಣ, ಎಲ್ಲರೂ ಇದ್ದಾರೆ," ಎಂದ ಹಸೈನಾರ್. "ಹೇಳಿ."

ಪದ್ಮಯ್ಯ ಜಗಲಿಯ ಮೆಟ್ಟಿಲಿಳಿದರು. ಕೈ ಮುಗಿಯಬೇಕಿತ್ತು. ಮುಗಿಯಲು ಎರಡು ಕೈ ಬೇಕು. ಡಬ್ಬಿ ಮುಂದೆ ಬಂತು.

ಮಾಜಿದಾ ಅದನ್ನು ನೋಡಿದಳು. ಒಮ್ಮೆ ಅಪ್ಪನ ಹೊಸ ಟೋಪಿಯ ಕಡೆ ನೋಡಿದಳು. ಆಮೇಲೆ, ಅವತ್ತು ಶೋಧನೆಯಲ್ಲಿ ಒಂದು ಮಾತೂ ಆಡದವಳು, ಎಲ್ಲರಿಗೂ ಕೇಳುವ ಹಾಗೆ ಬಾಯಿ ತೆರೆದಳು.

"ಸರ್ ಎಂತದೂ ಹೇಳುವುದು ಬೇಡ, ಹಸೈನಾರಾಕ. ಅವರು ಅವತ್ತು ಹೇಳಿದ್ದೇ ಸರಿ. ತಟ್ಟೆ ಹಾಳು ಮಾಡಿದ್ದು ನಾನೇ. ಗೊತ್ತಿದ್ದೇ ಮಾಡಿದ್ದು."

ಜೈನಬಮ್ಮ ಹೊಸ್ತಿಲು ದಾಟಿ ಜಗಲಿಗೆ ಬಂದು, ಕಂಬ ಹಿಡಿದು ನಿಂತರು. ಪದ್ಮಯ್ಯ ಮೊಯ್ದೀನರ ಕಡೆ ತಿರುಗಿದರು. ಮಗಳ ಮಾತು ಕೇಳಿ ಈ ತಂದೆ ಅವಳ ಕಡೆ ತಿರುಗುತ್ತಾರೆ, ಕೈ ಎತ್ತುತ್ತಾರೆ, ಇಲ್ಲವೇ ಕುಸಿಯುತ್ತಾರೆ ಎಂದು ಅವರು ಎಣಿಸಿದ್ದರು.

ಮೊಯ್ದೀನ್ ಮಗಳನ್ನು ನೋಡಲೇ ಇಲ್ಲ. ಅವರ ಕಣ್ಣು ಪದ್ಮಯ್ಯನವರ ಕೈಯಲ್ಲಿದ್ದ ಡಬ್ಬಿಯ ಮೇಲೆ ನಿಂತಿತ್ತು. ಕೈ ತಾನಾಗಿ ಮೇಲೆ ಹೋಗಿ, ತಲೆಯ ಹೊಸ ಟೋಪಿಯನ್ನು ಮೆಲ್ಲಗೆ ತೆಗೆಯಿತು.